ಅಕ್ಕನ ಬೈಕಿನ ಹ್ಯಾಂಡಲ್

2017ರ ಮಾರ್ಚ್ 14, ಮಂಗಳವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಮನೆಯ ಮುಂದಿನ ಸಿಮೆಂಟು ಅಂಗಳದಲ್ಲಿ ಅಕ್ಕ ತನ್ನ ಬೈಕಿನ ಮೇಲೆ ಅಲುಗಾಡದೆ ಕುಳಿತಿದ್ದಳು. ನಾನು ಅವಳ ಬಲಗೈ ಮಣಿಕಟ್ಟಿಗೆ ಕೋನಮಾಪಕ ಹಿಡಿದಿದ್ದೆ. ಹ್ಯಾಂಡಲ್ ಹಿಡಿದಾಗ ಮಣಿಕಟ್ಟು ಇಪ್ಪತ್ತೇಳು ಡಿಗ್ರಿ ಬಾಗುತ್ತಿತ್ತು. ಅಷ್ಟು ಬಾಗಿದ ಕೈಯ ಮೇಲೆ ದಿನವಿಡೀ ಮೈಭಾರ ಬಿದ್ದರೆ ಬೆರಳು ಜೋಮು ಹಿಡಿಯದೆ ಇನ್ನೇನಾದೀತು?

"ಮುಗೀತೇನೇ, ಸ್ಕೇಲು? ನನಗೆ ಕೆಲ್ಸಕ್ಕೆ ಹೊತ್ತಾಯ್ತು."

ನಾನು ತೂಕ ಮತ್ತು ಅಳತೆಯ ಉಪಕರಣಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೇನೆ. ಕೆಲಸಕ್ಕೆ ಸೇರಿದ ದಿನದಿಂದ ಅಕ್ಕ ನನ್ನನ್ನು ಸ್ಕೇಲು ಎಂದೇ ಕರೆಯುತ್ತಾಳೆ. ಈಗ ನನ್ನ ನಿಜವಾದ ಹೆಸರಿನಿಂದ ಕರೆದರೆ, ಏನೋ ತಪ್ಪು ಮಾಡಿದ್ದೇನೆ ಎಂದೇ ಅರ್ಥ.

ಅಕ್ಕ ಲಿಫ್ಟ್ ಮೆಕ್ಯಾನಿಕ್. ವಯಸ್ಸು ನಲವತ್ತಾರು, ಕೆಲಸಕ್ಕೆ ಇಪ್ಪತ್ತೊಂದು. ಎಲ್ಲಾದರೂ ಲಿಫ್ಟ್ ನಿಂತು ಜನ ಒಳಗೆ ಸಿಕ್ಕಿಕೊಂಡರೆ, ಸಲಕರಣೆಯ ಚೀಲ ಬೆನ್ನಿಗೇರಿಸಿ ಬೈಕಿನಲ್ಲಿ ಹೊರಡುತ್ತಾಳೆ. ಕಂಪನಿಯ ಒಂಬತ್ತು ಮೆಕ್ಯಾನಿಕ್‌ಗಳಲ್ಲಿ ಅವಳೊಬ್ಬಳೇ ಹೆಂಗಸು. ಬಾಗಿಲು ತೆರೆದ ಕೂಡಲೇ ಒಳಗಿನವರು ಅವಳನ್ನು ನೋಡಿ, ಅವಳ ಹಿಂದೆ ಮೆಕ್ಯಾನಿಕ್ ಎಲ್ಲಿ ಎಂದು ಕತ್ತು ಉದ್ದ ಮಾಡಿ ಹುಡುಕುತ್ತಾರಂತೆ. ಅದನ್ನು ಅವಳು ಅಭಿನಯಿಸಿ ತೋರಿಸುವುದನ್ನು ನೂರು ಸಲವಾದರೂ ನೋಡಿದ್ದೇನೆ. ನೂರು ಸಲವೂ ನಕ್ಕಿದ್ದೇನೆ.

ಹಿಂದಿನ ವಾರ ಹನ್ನೊಂದನೇ ಮಹಡಿಯಲ್ಲಿ ಅವಳ ಕೈಯಿಂದ ಸ್ಪ್ಯಾನರ್ ಜಾರಿ, ಲಿಫ್ಟ್ ಓಡಾಡುವ ಗೂಡಿನ ತಳದವರೆಗೂ ಬಿದ್ದಿತ್ತು. ಕೆಳಗೆ ಯಾರೂ ಇರಲಿಲ್ಲ. ಆದರೂ ಕಂಪನಿಯ ಡಾಕ್ಟರು ಅವಳ ಕೈಹಿಡಿತದ ಬಲವನ್ನು ಎರಡು ದಿನ ಅಳೆದರು. ಬಸ್ಸಿನಲ್ಲಿ ಬಂದ ದಿನ ಬಲಗೈ ಇಪ್ಪತ್ತೆಂಟು ಕಿಲೋಗ್ರಾಂ ತೋರಿಸಿತು. ಎರಡು ಗಂಟೆ ಬೈಕ್ ಓಡಿಸಿ ಬಂದ ದಿನ ಹದಿನಾಲ್ಕು.

"ಶುಕ್ರವಾರ ಇನ್ನೊಂದು ಸಲ ನೋಡೋಣ ಮೇಡಂ," ಎಂದಿದ್ದರು ಸೂಪರ್‌ವೈಸರು. "ಗಾಡಿ ಓಡಿಸಿ ಬಂದ ಮೇಲೂ ಇಪ್ಪತ್ತು ದಾಟಿದ್ರೆ ಸರಿ. ಇಲ್ಲಾಂದ್ರೆ ದೂರು ಬರ್ಕೊಳ್ಳೋ ಫೋನ್ ಹತ್ರ ಕೂತ್ಕೊಳ್ಳಿ. ಅಲ್ಲಿ ಫ್ಯಾನೂ ಇದೆ."

ಬೇರೆಲ್ಲ ಮಾತು ಅಕ್ಕ ಮರೆತಳು. ಫ್ಯಾನಿನ ಮಾತು ಮಾತ್ರ ಮುಳ್ಳಿನಂತೆ ಚುಚ್ಚಿಕೊಂಡಿತ್ತು. "ಇಪ್ಪತ್ತೊಂದು ವರ್ಷ ಜನಾನ ಮೇಲಿಂದ ಕೆಳಗಿಳಿಸಿದೀನಿ. ಈಗ ನನ್ನನ್ನ ಫ್ಯಾನ್ ಕೆಳಗೆ ಕೂರಿಸ್ತಾರಂತೆ," ಎಂದು ರಾತ್ರಿಯ ಊಟಕ್ಕೆ ಕುಳಿತಾಗಲೆಲ್ಲ ಗೊಣಗುತ್ತಿದ್ದಳು.

ಕೈಗೆ ರೋಗವಿಲ್ಲ, ಕೂರುವ ಭಂಗಿ ಸರಿಯಿಲ್ಲ ಎಂದು ಆ ಎರಡು ಅಂಕಿಗಳೇ ಹೇಳುತ್ತಿದ್ದವು. ಗಾಡಿ ಸಣ್ಣ ಮೈಕಟ್ಟಿನವರಿಗೆ ಮಾಡಿದ್ದು. ಅಕ್ಕ ನಮ್ಮಪ್ಪನ ಹಾಗೆ ಉದ್ದ. ಹ್ಯಾಂಡಲ್ ನಲವತ್ತು ಮಿಲಿಮೀಟರ್ ಮೇಲೇರಿದರೆ ಮಣಿಕಟ್ಟು ನೇರವಾಗುತ್ತದೆ ಎಂದು ಕಾಗದದ ಮೇಲೆ ಲೆಕ್ಕ ಹಾಕಿದೆ. ಬೀದಿಯ ಕೊನೆಯ ಲೇತ್ ಅಂಗಡಿಯ ಮಾಮ ಅಲ್ಯುಮಿನಿಯಂ ಸರಳಿನಿಂದ ಎರಡು ಬ್ಲಾಕ್ ಕಡೆದುಕೊಟ್ಟರು. ಹ್ಯಾಂಡಲನ್ನು ಹಿಡಿದಿಡುವ ಕ್ಲಾಂಪಿನ ಕೆಳಗೆ ಅವನ್ನು ಇಟ್ಟು, ಮೊದಲಿಗಿಂತ ಉದ್ದದ ಬೋಲ್ಟ್‌ಗಳಿಂದ ಬಿಗಿದರೆ ಕೆಲಸ ಮುಗಿಯಿತು. ಮನೆಗೆ ತಂದು ಅಳೆದೆ. ಎರಡೂ ಬ್ಲಾಕುಗಳ ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಊಟಕ್ಕೆ ಕುಳಿತಾಗಲೂ ಅವನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದೆ.

ಬುಧವಾರ ಸಂಜೆ ಅಂಗಳದಲ್ಲಿ ಬಿಗಿಯಲು ಕುಳಿತೆವು. ಅಮ್ಮ ಬಾಗಿಲ ಮೆಟ್ಟಿಲ ಮೇಲೆ ಕುಳಿತು ಕಾಳು ಬಿಡಿಸುತ್ತಿದ್ದಳು.

"ಏನ್ರೇ ಅದು, ಗಾಡಿಗೆ ಹೈಹೀಲ್ಸ್ ಹಾಕ್ತಿದೀರಾ?"

"ಹೂಂ ಅಮ್ಮ. ನಾಳೆ ಲಿಪ್‌ಸ್ಟಿಕ್," ಎಂದಳು ಅಕ್ಕ.

ಅಕ್ಕ ಹತ್ತಿ ಕುಳಿತಳು. ಬೆನ್ನು ನೆಟ್ಟಗಾಯಿತು, ಭುಜ ಇಳಿಯಿತು. ಕೋನಮಾಪಕ ಹಿಡಿದೆ: ಎಂಟು ಡಿಗ್ರಿ. ನಾನು ಅಮ್ಮನ ಕಡೆ ತಿರುಗಿ, ಬಹುಮಾನ ಗೆದ್ದವಳ ಹಾಗೆ ನಿಂತೆ.

ಅಕ್ಕ ಎಂಜಿನ್ ಚಾಲೂ ಮಾಡಿ, ಗೇರು ಹಾಕಿ, ಗೇಟಿನತ್ತ ಹೋಗಲು ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸಿದಳು. ಎಂಜಿನ್ ತಾನಾಗಿಯೇ ರೇಸ್ ಆಯಿತು. ಗಾಡಿ ಗೋಡೆಯ ಕಡೆಗೆ ಹಾರಿತು. ಅಮ್ಮನ ಮಡಿಲಿನ ಕಾಳು ಮೆಟ್ಟಿಲ ತುಂಬ ಚೆಲ್ಲಿತು. ಅಕ್ಕ ಕ್ಲಚ್ಚು, ಬ್ರೇಕು ಎರಡನ್ನೂ ಒಟ್ಟಿಗೆ ಒತ್ತಿ ನಿಲ್ಲಿಸಿದಾಗ ಗೋಡೆಗೂ ಮುಂದಿನ ಚಕ್ರಕ್ಕೂ ಒಂದು ಗೇಣು ಅಂತರವಿತ್ತು.

ಅಕ್ಕ ಎಂಜಿನ್ ಆರಿಸಿ ಕೆಳಗಿಳಿದಳು. ಆಮೇಲೆ ನನ್ನ ನಿಜವಾದ ಹೆಸರು ಹಿಡಿದು ಕರೆದಳು.

ತಪ್ಪು ನನ್ನದೇ. ಎಲ್ಲ ಅಳತೆಯನ್ನೂ ಹ್ಯಾಂಡಲ್ ನೇರವಾಗಿದ್ದಾಗ, ಎಂಜಿನ್ ನಿಂತಿದ್ದಾಗ ತೆಗೆದುಕೊಂಡಿದ್ದೆ. ಹ್ಯಾಂಡಲ್ ಮೇಲೇರಿದ್ದರಿಂದ ಆಕ್ಸಿಲರೇಟರ್ ವೈರ್ ಮೊದಲೇ ಬಿಗಿಯಾಗಿತ್ತು. ಎಡಕ್ಕೆ ತಿರುಗಿಸಿದಾಗ ಅದು ಇನ್ನಷ್ಟು ಜಗ್ಗಿ, ಯಾರೋ ಕೈಯಿಂದ ತಿರುವಿದಂತೆ ಎಂಜಿನ್ನಿನ ವೇಗ ಏರಿಸಿತ್ತು. ಪ್ರಯೋಗಾಲಯದಲ್ಲಿ ಹೊಸಬರಿಗೆ ನಾನೇ ಹೇಳುವ ಮಾತಿದೆ: ಉಪಕರಣವನ್ನು ಒಂದೇ ಸ್ಥಿತಿಯಲ್ಲಿಟ್ಟು ಪರೀಕ್ಷಿಸಬೇಡಿ, ಅದು ಹೋಗಬಹುದಾದ ಎರಡೂ ತುದಿಗೆ ಒಯ್ದು ನೋಡಿ. ಆ ಮಾತನ್ನು ನಾನೇ ಮರೆತಿದ್ದೆ.

"ಹಳೇದನ್ನೇ ಹಾಕ್ಬಿಡ್ತೀನಿ ಅಕ್ಕ. ಶುಕ್ರವಾರಕ್ಕೆ ಬೇರೆ ಏನಾದ್ರೂ..."

"ಸುಮ್ನಿರೇ. ಟಾರ್ಚ್ ಹಿಡಿ."

ಅವಳು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ವೈರಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳು ಎಳೆಯುತ್ತ ಹೋದಳು. ಲಿಫ್ಟಿನ ಹಗ್ಗಗಳನ್ನು ಹೀಗೆಯೇ ನೋಡುತ್ತಾಳೆಂದು ಅವಳ ಜೊತೆಯವರು ಹೇಳಿದ್ದನ್ನು ಕೇಳಿದ್ದೆ. ಕಣ್ಣಾರೆ ಕಂಡದ್ದು ಅದೇ ಮೊದಲು.

"ವೈರ್ ಗಿಡ್ಡ ಆಗಿಲ್ಲ ಕಣೇ. ದಾರಿ ಸುತ್ತಾಗಿದೆ. ನೋಡಿಲ್ಲಿ, ಹೆಡ್‌ಲೈಟ್ ಮುಂದೆ ಬಳಸ್ಕೊಂಡು ಹೋಗಿದೆ. ಹಿಂದಿನಿಂದ ನೇರ ಬಿಟ್ರೆ ಎಷ್ಟು ಉಳಿಯುತ್ತೆ, ನೀನೇ ಅಳೆದು ನೋಡು."

ಅಳೆದೆ. ಐವತ್ತು ಮಿಲಿಮೀಟರಿಗಿಂತ ಹೆಚ್ಚು. ಕ್ಲಚ್ ವೈರಿಗೂ ಹಾಗೆಯೇ ಹೊಸ ದಾರಿ ಮಾಡಿದಳು. ಮುಂದಿನ ಬ್ರೇಕಿಗೆ ಎಣ್ಣೆ ಒಯ್ಯುವ ರಬ್ಬರ್ ಹೋಸಿಗೆ ಮಾತ್ರ ಬೇರೆ ದಾರಿ ಸಿಗಲಿಲ್ಲ. ಈ ಸಲ ಹ್ಯಾಂಡಲನ್ನು ಎರಡೂ ಕಡೆಗೆ, ಕೊನೆಯ ತನಕ, ಇಪ್ಪತ್ತು ಇಪ್ಪತ್ತು ಸಲ ತಿರುಗಿಸಿ ನೋಡಿದೆ. ಹೋಸು ಜಗ್ಗದೆ ಇರಬೇಕಾದರೆ ಮೂವತ್ತೆರಡು ಮಿಲಿಮೀಟರಿಗಿಂತ ಮೇಲೆ ಹೋಗುವಂತಿರಲಿಲ್ಲ.

ಗುರುವಾರ ಬ್ಲಾಕುಗಳನ್ನು ಮತ್ತೆ ಲೇತ್ ಮಾಮನ ಮುಂದಿಟ್ಟೆ.

"ಮೊನ್ನೆ ಕೂದಲೆಳೆ ಲೆಕ್ಕ ಹೇಳಿದ್ರಲ್ಲ ಮೇಡಂ. ಇವತ್ತು ಎಂಟು ಮಿಲಿಮೀಟರ್ ಕಡಿಮೆ ಮಾಡಿ ಅಂತೀರಿ!"

"ಮೊನ್ನೆ ನಾನೊಬ್ಳೇ ಅಳೆದಿದ್ದೆ ಮಾಮ. ಇವತ್ತು ಅಕ್ಕನೂ ಅಳೆದಿದಾಳೆ."

ಅವರು ಜೋರಾಗಿ ನಕ್ಕು ಯಂತ್ರ ಚಾಲೂ ಮಾಡಿದರು.

ಎತ್ತರದಲ್ಲಿ ಕಳೆದುಕೊಂಡದ್ದಕ್ಕೆ ಅಕ್ಕನೇ ಉಪಾಯ ಹೇಳಿದಳು. ಕ್ಲಾಂಪ್ ಸಡಿಲಿಸಿ ಹ್ಯಾಂಡಲನ್ನು ತನ್ನ ಕಡೆಗೆ ತುಸು ತಿರುಗಿಸಿಕೊಂಡಳು. ಕೋನಮಾಪಕ ಒಂಬತ್ತು ಡಿಗ್ರಿ ತೋರಿಸಿತು. ಮತ್ತೆ ಎಡಕ್ಕೆ, ಬಲಕ್ಕೆ, ಎಂಜಿನ್ ಓಡುತ್ತಿರುವಾಗಲೇ ತಿರುಗಿಸಿದೆವು. ಎಂಜಿನ್ನಿನ ಸದ್ದು ಒಂದಿಷ್ಟೂ ಏರಲಿಲ್ಲ. ಬ್ರೇಕು ಒತ್ತಿ ನೋಡಿದೆವು. ಅಮ್ಮ ಮಾತ್ರ ಈ ಸಲ ಕಾಳಿನ ತಟ್ಟೆಯನ್ನು ಒಳಗಿಟ್ಟು ಬಂದಿದ್ದಳು.

ಶುಕ್ರವಾರ ನಾನು ರಜೆ ಹಾಕಿ ಕಂಪನಿಯ ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಕಾದು ಕುಳಿತೆ. ಒಂದು ಮಂಚ, ಒಂದು ಮೇಜು, ಬಿಳಿ ಬೀರು. ಎದುರಿಗೆ ಡಾಕ್ಟರಮ್ಮ, ಬಾಗಿಲಲ್ಲಿ ಸೂಪರ್‌ವೈಸರು. ಹನ್ನೊಂದೂವರೆಗೆ ಅಕ್ಕ ಹೆಲ್ಮೆಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಬಂದಳು. ನಾಲ್ಕು ಕಟ್ಟಡ ಸುತ್ತಿ ಬಂದಿದ್ದಳು.

ಡಾಕ್ಟರಮ್ಮ ಹಿಡಿತ ಅಳೆಯುವ ಉಪಕರಣವನ್ನು ಹೊರತೆಗೆದರು. ನನಗೆ ತಡೆಯಲಾಗಲಿಲ್ಲ.

"ಡಾಕ್ಟ್ರೇ, ಇದನ್ನ ಕೊನೇ ಸಲ ಯಾವಾಗ ಪರೀಕ್ಷೆ ಮಾಡ್ಸಿದ್ದು?"

"ಬಾಯ್ಮುಚ್ಚೇ ಸ್ಕೇಲು!" ಎಂದು ಅಕ್ಕ ಹಲ್ಲು ಕಚ್ಚಿದಳು.

ಡಾಕ್ಟರಮ್ಮ ನಕ್ಕು ಅದರ ಹಿಂಬದಿಯ ಚೀಟಿ ತೋರಿಸಿದರು. ನಮ್ಮ ಪ್ರಯೋಗಾಲಯದ್ದೇ ಮೊಹರು, ಎರಡು ತಿಂಗಳ ಹಿಂದಿನ ತಾರೀಖು.

ಅಕ್ಕ ಮೊಣಕೈ ಮಡಚಿ ಹಿಂಡಿದಳು. ಇಪ್ಪತ್ತೈದು. ಸೂಪರ್‌ವೈಸರು ಬಾಗಿಲಿನಿಂದ ಒಳಗೆ ಬಂದರು. ಎರಡನೇ ಸಲ ಇಪ್ಪತ್ತಾರು.

"ಸಾಕಲ್ವಾ ಮೇಡಂ, ಪಾಸಾಯ್ತಲ್ಲ," ಎಂದರು ಅವರು.

"ಮೂರು ಸಲ ಅಂತ ನಿಯಮ ಇದೆ ಸಾರ್," ಎಂದಳು ಅಕ್ಕ. "ಆ ಫ್ಯಾನ್ ನೀವೇ ಹಾಕ್ಕೊಳ್ಳಿ, ಬೆವರ್ತಿದೀರ."

ಅವರು ನಿಜಕ್ಕೂ ಬೆವರುತ್ತಿದ್ದರು. ನಗುತ್ತಲೂ ಇದ್ದರು. ಅಕ್ಕ ನನ್ನ ಕಡೆ ಒಮ್ಮೆ ನೋಡಿ, ಉಸಿರೆಳೆದುಕೊಂಡು, ಮೂರನೇ ಸಲ ಹಿಂಡಿದಳು. ಡಾಕ್ಟರಮ್ಮ ಅಂಕಿ ಓದಿ ವರದಿಯಲ್ಲಿ ಬರೆದರು. ಬಲಗೈ, ಎರಡು ಗಂಟೆ ಆರು ನಿಮಿಷ ಬೈಕ್ ಓಡಿಸಿದ ನಂತರ: 26.5 ಕಿಲೋಗ್ರಾಂ.