ದ್ಯಾಮಮ್ಮ ಬರೆದ ವಾಕ್ಯ

ನನಗೆ ಜಂಬ ಜಾಸ್ತಿ ಎಂದು ಸಖರಾಯಪಟ್ಟಣದ ಜನ ಆಡಿಕೊಳ್ಳುತ್ತಿದ್ದರು. ಸುಳ್ಳೇನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದವಳು ನಾನು. ಮುಖ ನೋಡಿದರೆ ಸಾಕು, ಯಾರಿಗೆ ವಿದ್ಯೆ ಹತ್ತುತ್ತದೆ, ಯಾರಿಗೆ ಹತ್ತುವುದಿಲ್ಲ ಎಂದು ಹೇಳಿಬಿಡುತ್ತಿದ್ದೆ. ಅಲಮೇಲು ಟೀಚರ್ ಎಂದರೆ ಹಾಗೇ.

೧೯೭೯ರಲ್ಲಿ ಹೆಂಗಸರ ಅಕ್ಷರ ತರಗತಿಗೆ ನನ್ನನ್ನು ಹಾಕಿದರು. ಮಧ್ಯಾಹ್ನ ಎರಡರಿಂದ ನಾಲ್ಕು, ರೇವಣಪ್ಪನವರ ಮನೆಯ ಜಗಲಿಯಲ್ಲಿ. ಒಳಗೆ ಅಟ್ಟದ ತುಂಬ ಕೊಬ್ಬರಿಯಾಗಲೆಂದು ತಿಂಗಳುಗಟ್ಟಲೆ ಬಿಟ್ಟ ತೆಂಗಿನಕಾಯಿ. ಬರುತ್ತಿದ್ದ ಹೆಂಗಸರೆಲ್ಲ ಓಣಿಗೇ ಕೇಳುವಂತೆ ಪಾಠ ಒಪ್ಪಿಸುತ್ತಿದ್ದರು. ಐವತ್ತು ದಾಟಿದ ದ್ಯಾಮಮ್ಮ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ತಲೆ ತುಸು ಓರೆ ಮಾಡಿ ಸುಮ್ಮನೆ ಕೂತಿರುತ್ತಿದ್ದಳು. ಅದೇ ಮನೆಯಲ್ಲಿ ಮೂವತ್ತು ವರ್ಷದಿಂದ ಕಾಯಿ ಆರಿಸುವ ಕೆಲಸ ಆಕೆಯದು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಯಾವುದು ಕೊಬ್ಬರಿಯಾಗಿದೆ, ಯಾವುದು ಇಲ್ಲ ಎಂದು ಬೇರೆ ಮಾಡುವುದು. ನಾನು ಎರಡು ತಿಂಗಳು ಕಾದೆ. ಆಮೇಲೆ ಸಿಟ್ಟು ಬಂದು, ಹಾಜರಿ ಪುಸ್ತಕದಲ್ಲಿ ಆಕೆಯ ಹೆಸರಿನ ಮುಂದೆ ‘ಕಲಿಯುವುದು ಕಷ್ಟ’ ಎಂದು ಬರೆದೆ. ಆ ಪುಸ್ತಕವನ್ನು ದಿನಾ ನನ್ನ ಮನೆಯಿಂದ ಜಗಲಿಗೆ ತಂದಿಡುತ್ತಿದ್ದವಳೂ ಆಕೆಯೇ.

ಒಂದು ದಿನ ಕಡೂರಿನ ಬಸ್ಸಿನಿಂದ ಮೇಲ್ವಿಚಾರಕ ವೆಂಕಟಸುಬ್ಬಯ್ಯನವರು ಇಳಿದರು. ತರಗತಿ ಉಳಿಯಬೇಕೋ ಮುಚ್ಚಬೇಕೋ ಅವರ ವರದಿಯ ಮೇಲೆ ನಿಂತಿತ್ತು. ಚೆನ್ನಾಗಿ ಓದುವವರನ್ನು ಮುಂದೆ ಕೂರಿಸಿ ನಾನು ಸಜ್ಜಾಗಿದ್ದೆ. ಅವರು ಹಾಜರಿ ಪುಸ್ತಕ ತೆರೆದರು. ಬೆರಳು ನೇರ ನನ್ನ ಆ ಎರಡು ಪದಗಳ ಮೇಲೆ ನಿಂತಿತು.

“ಇವರನ್ನೇ ಕರೆಯಿರಿ.”

ನಾನು ದ್ಯಾಮಮ್ಮನನ್ನು ಮುಂದೆ ಕರೆದೆ. ಅವರು ಹಿಂದಿನ ದಿನದ ಪಾಠದಿಂದ ಎಲ್ಲಕ್ಕಿಂತ ಕಷ್ಟದ ಪದವನ್ನೇ ಹೆಕ್ಕಿದರು. “‘ಭಾವಿಸು’ ಅಂದರೆ ಏನಮ್ಮ?”

ದ್ಯಾಮಮ್ಮ ಎದ್ದು ಒಳಗೆ ಹೋದಳು. ಕತೆ ಮುಗಿಯಿತು ಎಂದುಕೊಂಡೆ. ಒಂದು ತೆಂಗಿನಕಾಯಿ, ಒಂದು ಕತ್ತಿ ಹಿಡಿದು ಹೊರಬಂದಳು. ಕಾಯಿಯನ್ನು ಅವರ ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಗಡಗಡ ಸದ್ದು.

“ಕೇಳ್ತಾ ಸ್ವಾಮಿ? ಕೊಬ್ರಿ ಚಿಪ್ಪು ಬಿಟ್ಟೈತೆ, ಚೆಂದಾಗಿ ಒಣಗೈತೆ ಅಂತ ನಾನು ಭಾವಿಸ್ತೀನಿ. ಕಂಡಿಲ್ಲ. ಕಂಡಿಲ್ದೇ ಹೌದು ಅಂತ ಮನ್ಸಲ್ಲಿ ಇಟ್ಕಳದು. ಹಂಗೆ ಇಟ್ಕಳ್ದಿದ್ರೆ ಕೆಲ್ಸ ನಡಿಯಾಕಿಲ್ಲ.”

ಒಂದೇ ಏಟಿಗೆ ಒಡೆದಳು. ಕೊಬ್ಬರಿಯ ಒಂದು ಮಗ್ಗುಲು ಕಪ್ಪಾಗಿ ಬೂಷ್ಟು ಹಿಡಿದಿತ್ತು. ಹಿಂದೆ ಕೂತಿದ್ದ ಪಾಪಮ್ಮ ಕಿಸಕ್ಕನೆ ನಕ್ಕಳು. ದ್ಯಾಮಮ್ಮನ ಮುಖದಲ್ಲಿ ನಾಚಿಕೆಯ ಸುಳಿವೂ ಇಲ್ಲ.

“ನೋಡಿ, ಮೂವತ್ತೊರ್ಸದ ಕಿವಿ, ಇದೂ ತಪ್ತು. ಒಡಿಯೋಗಂಟ ಭಾವಿಸ್ಬೌದು ಸ್ವಾಮಿ. ಒಡೆದ್ಮೇಲೂ ಅದ್ನೇ ಹಿಡ್ಕಂಡ್ ಕೂತ್ರೆ ಅದು ಭಾವಿಸೋದಲ್ಲ, ಹಟ.”

ವೆಂಕಟಸುಬ್ಬಯ್ಯನವರು ಕನ್ನಡಕ ತೆಗೆದು ಆಕೆಯನ್ನೇ ನೋಡಿದರು. “ಇಷ್ಟು ತಿಳಿದವರು ತರಗತಿಯಲ್ಲಿ ಯಾಕಮ್ಮ ಸುಮ್ಮನಿರುತ್ತೀರಿ?”

“ಕಾಯಿ ಆರ್ಸೋರು ಮಾತಾಡಾಕಿಲ್ಲ. ಬಾಯಿ ಬಿಟ್ರೆ ಒಳಗಿನ ಸದ್ದು ಕೇಳಾಕಿಲ್ವಲ್ಲ. ಪಾಠನೂ ಹಂಗೇ ಕಲಿಬೇಕು ಅಂದ್ಕಂಡೆ.”

ಮೂವತ್ತು ವರ್ಷದ ಕೆಲಸದ ಶಿಸ್ತನ್ನು ನಾನು ಮಂಕುತನ ಎಂದು ಬರೆದಿಟ್ಟಿದ್ದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನ್ನಿಸಿತು.

“ಸರಿ, ಆ ಪದ ಹಾಕಿ ಒಂದು ವಾಕ್ಯ ಬರೆಯಿರಿ,” ಎಂದು ಅವರು ಸೀಮೆಸುಣ್ಣ ಕೊಟ್ಟರು. ದ್ಯಾಮಮ್ಮ ಸೆರಗು ಸಿಕ್ಕಿಸಿಕೊಂಡು, ಬೋರ್ಡಿನ ಮೇಲೆ ಒಂದೊಂದು ಅಕ್ಷರವನ್ನೂ ನಿಧಾನವಾಗಿ, ದುಂಡಗೆ ಬರೆದಳು:

ದ್ಯಾಮಮ್ಮ ಕಲಿಯುವುದು ಕಷ್ಟ ಎಂದು ಟೀಚರಮ್ಮ ಭಾವಿಸಿದ್ದರು.

ದಿನಾ ಹೊತ್ತು ತರುತ್ತಿದ್ದ ಪುಸ್ತಕವನ್ನು ಆಕೆ ದಾರಿಯಲ್ಲಿ ಓದಿಕೊಂಡಿದ್ದಳು. ನಾನು ಕಲಿಸಿದ ಅಕ್ಷರಗಳಿಂದಲೇ.

“ಇದನ್ನೆಲ್ಲ ನಿಮಗೆ ಯಾರು ಕಲಿಸಿದರು?” ವೆಂಕಟಸುಬ್ಬಯ್ಯನವರ ದನಿ ಮೆತ್ತಗಾಗಿತ್ತು.

“ಇನ್ಯಾರು ಸ್ವಾಮಿ? ನಮ್ ಟೀಚರಮ್ಮ.”

ಚುಚ್ಚಿ ಹೇಳಿದ ಮಾತಲ್ಲ ಅದು. ನನ್ನ ಕಡೆ ನೋಡಿ ಎದೆಯುಬ್ಬಿಸಿ ಹೇಳಿದಳು. ನನಗೆ ಅಳು, ಹೆಮ್ಮೆ ಎರಡೂ ಒಟ್ಟಿಗೇ ಬಂದವು. ಫಸ್ಟ್ ಕ್ಲಾಸ್ ಬಂದ ದಿನವೂ ಅಷ್ಟು ಹೆಮ್ಮೆಪಟ್ಟಿರಲಿಲ್ಲ. ವರದಿಯಲ್ಲಿ ತರಗತಿ ಮುಂದುವರಿಯಲಿ ಎಂದು ಬರೆದು ಅವರು ಐದರ ಬಸ್ಸು ಹಿಡಿದರು. ಹಾಜರಿ ಪುಸ್ತಕದ ಆ ಎರಡು ಪದಗಳನ್ನು ಆಕೆಯ ಎದುರಿಗೇ ಹೊಡೆದುಹಾಕಿದೆ.

ಬೋರ್ಡಿನ ಮೇಲಿನ ವಾಕ್ಯವನ್ನು ಮಾತ್ರ ಒಂದು ವಾರ ಯಾರಿಗೂ ಒರೆಸಲು ಬಿಡಲಿಲ್ಲ. ಜಗಲಿಗೆ ಬಂದವರಿಗೆಲ್ಲ ನಾನೇ ಗಟ್ಟಿಯಾಗಿ ಓದಿ ಹೇಳಿದೆ.