ಸೋಸದ ಸೊಪ್ಪು

ತಲೆಕೂದಲು ಅರ್ಧ ನರೆತರೂ ಮನೆಯವರ ಬಾಯಲ್ಲಿ ಅವಳು ಚಿಕ್ಕವಳಾಗಿಯೇ ಉಳಿದಿದ್ದಳು. ಅಕ್ಕ ಇರುವ ತನಕ ತಂಗಿ ದೊಡ್ಡವಳಾಗುವುದು ಎಲ್ಲಿಂದ? ಲಾಂಡ್ರಿಯಲ್ಲಿ ಅವಳದು ಕಲೆ ಹುಡುಕುವ ಕೆಲಸ. ಹೋಟೆಲುಗಳಿಂದ ಬರುವ ಹಾಸು, ಮೇಜುಬಟ್ಟೆಗಳನ್ನು ಬೆಳಕಿಗೆ ಹಿಡಿದು ಇದು ಎಣ್ಣೆ, ಇದು ರಕ್ತ, ಇದು ತುಕ್ಕು ಎಂದು ಬೇರೆ ಬೇರೆ ತೊಟ್ಟಿಗೆ ಹಾಕಬೇಕು. ಅಕ್ಕ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ಮುಚ್ಚಳ ತೆಗೆಯುವ ಮೊದಲೇ ಒಳಗಿನದು ಬೆಂದಿದೆಯೋ ಇಲ್ಲವೋ ಹೇಳುತ್ತಾಳೆಂದು ಅವಳಿಗೆ ಹೆಸರು. ಓಣಿಯವರು ಮೂಗಿನಕ್ಕ ಎಂದು ಕರೆದರೆ ಹಿಗ್ಗುತ್ತಿದ್ದಳೇ ಹೊರತು ಮುನಿಸಿಕೊಳ್ಳುತ್ತಿರಲಿಲ್ಲ.

ವಾರದ ರಜೆಯ ಬೆಳಿಗ್ಗೆ ಇಬ್ಬರೂ ಗೂಡ್ಸ್ ಶೆಡ್ಡಿನ ಹಿಂದಿನ ಹಳ್ಳದ ದಂಡೆಗೆ ಸೊಪ್ಪಿಗೆ ಹೋಗುತ್ತಿದ್ದರು. ತಾಯಿ ಹಾಕಿಕೊಟ್ಟ ರೂಢಿ. ಅಲ್ಲಿ ಕಾಡುಕೊತ್ತಂಬರಿ ಎದೆಯುದ್ದ ಬೆಳೆಯುತ್ತಿತ್ತು. ಅದರ ಮಗ್ಗುಲಲ್ಲೇ ಅದೇ ಎತ್ತರದ, ಅದೇ ಸೀಳುಸೀಳು ಎಲೆಯ ಇನ್ನೊಂದು ಗಿಡ. ತಾಯಿ ಅದನ್ನು ಇಲಿಸೊಪ್ಪು ಎನ್ನುತ್ತಿದ್ದಳು. ಹೊಸಕಿದರೆ ಇಲಿ ಉಚ್ಚೆಯ ನಾತ. ದಂಟಿನ ಮೇಲೆ ನೇರಳೆ ಮಚ್ಚೆ. ಹೊಟ್ಟೆಗೆ ಹೋದರೆ ಮೊದಲು ಕಾಲು ಸೋಲುತ್ತದೆ, ಆಮೇಲೆ ಉಸಿರು. ಅಕ್ಕ ನಾತದಿಂದ ಗುರುತು ಹಿಡಿಯುವುದನ್ನು ಕಲಿತಳು, ಚಿಕ್ಕವಳು ಮಚ್ಚೆಯಿಂದ.

ಹೋದ ವರ್ಷ ಅಕ್ಕನಿಗೆ ಒಂದು ಜ್ವರ ಬಂತು. ಹೋಗುವಾಗ ಅವಳ ಮೂಗನ್ನೂ ಕರೆದುಕೊಂಡು ಹೋಯಿತು. ಅಕ್ಕ ಅದನ್ನು ಯಾರಿಗೂ ಹೇಳಲಿಲ್ಲ. ವಾಸನೆ ಹತ್ತದ ಅಡುಗೆಯವಳನ್ನು ಯಾವ ಕ್ಯಾಂಟೀನಿನವರು ಇಟ್ಟುಕೊಂಡಾರು? ಚಿಕ್ಕವಳಿಗೆ ಅದು ತಿಳಿದದ್ದು ಅಕ್ಕನ ಮನೆಯಲ್ಲಿ ಹಾಲು ಸೀದು ಕರಿಯಾದ ದಿನ. ಒಲೆಯ ಪಕ್ಕದಲ್ಲೇ ಕೂತು ಬಟ್ಟೆ ಮಡಿಸುತ್ತಿದ್ದ ಅಕ್ಕ ತಲೆಯನ್ನೂ ಎತ್ತಿರಲಿಲ್ಲ. "ಮನಸ್ಸು ಎಲ್ಲೋ ಇತ್ತು ಕಣೆ" ಎಂದಳು.

ಮುಂದಿನ ರಜೆಗೆ ಹಳ್ಳದ ದಂಡೆಯಲ್ಲಿ ಅಕ್ಕ ಇಲಿಸೊಪ್ಪಿನ ಎಳೆ ಕುಡಿಯೊಂದನ್ನು ಚಿವುಟಿ, ಹೊಸಕಿ, ಮೂಗಿಗೆ ಹಿಡಿದು, "ಘಮ್ ಅಂತಿದೆ" ಎಂದು ಚೀಲಕ್ಕೆ ಹಾಕಿದಳು. ಚಿಕ್ಕವಳು ಬಾಯಿ ಬಿಟ್ಟರೆ ಅಕ್ಕನ ಮಾನ ಹೋಗುತ್ತದೆ, ಬಿಡದಿದ್ದರೆ ಜೀವ. ಅಂದಿನಿಂದ, ನೀನು ಸುಸ್ತಾಗಿದ್ದೀಯ ಕೊಡು ಎಂದು ಅಕ್ಕನ ಚೀಲವನ್ನು ತಾನೇ ಹೊರುವುದು, ಹಿಂದೆ ಬಿದ್ದು ನಡೆಯುತ್ತಾ ಮಚ್ಚೆಯ ದಂಟುಗಳನ್ನು ಒಂದೊಂದಾಗಿ ಸೋಸಿ ಹಳ್ಳಕ್ಕೆ ಎಸೆಯುವುದು ಅವಳ ಪಾಲಿಗೆ ಬಂತು.

ಹೀಗಿರುವಾಗ ಅಕ್ಕನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರು. ಊಟದ ಹೊತ್ತಿನಲ್ಲಿ ಸೊಪ್ಪಿನ ಮಾತು ಎದ್ದಿತು. ಬೀಗಿತ್ತಿ ಆಗಲಿರುವವಳು ಅಕ್ಕನ ಕೈರುಚಿಯನ್ನು ಹೊಗಳಿದಳು. ಅಕ್ಕನಿಗೆ ಎಲ್ಲಿಲ್ಲದ ಉತ್ಸಾಹ ಬಂತು.

"ನನ್ನ ತಂಗಿ ಇದ್ದಾಳಲ್ಲ, ಇಷ್ಟು ವರ್ಷ ಜೊತೆಗೆ ಬಂದರೂ ಇವಳಿಗೆ ಸೊಪ್ಪಿಗೂ ಕಳೆಗೂ ವ್ಯತ್ಯಾಸ ಗೊತ್ತಾಗಲ್ಲ. ನಾನೊಬ್ಬಳು ಕಣ್ಣಿಟ್ಟಿಲ್ಲ ಅಂದ್ರೆ ಎಲ್ಲರಿಗೂ ಇಲಿಸೊಪ್ಪೇ ತಿನ್ನಿಸಿಬಿಡ್ತಾಳೆ."

ಎಲ್ಲರೂ ನಕ್ಕರು. ಅಕ್ಕನ ಗಂಡ, ಬೀಗ ರಿಪೇರಿಯ ಅಂಗಡಿ ಇಟ್ಟಿದ್ದ ಮಾತು ಕಡಿಮೆಯ ಭಾವ ಮಾತ್ರ ತಟ್ಟೆ ನೋಡುತ್ತಾ ಕೂತಿದ್ದರು. ಚಿಕ್ಕವಳು ನೀರು ಕುಡಿದು ಎದ್ದಳು. ಆ ನಗು ಮನೆಗೆ ಹೋದ ಮೇಲೂ ಕಿವಿಯಲ್ಲೇ ಇತ್ತು. ಹೊತ್ತದ್ದು ನಾನು, ಸೋಸಿದ್ದು ನಾನು, ಕೊನೆಗೆ ನಗೆಪಾಟಲಾದವಳೂ ನಾನೇ. ಒಂದು ಸಲ ಒಬ್ಬಳೇ ಹೋಗಲಿ, ಗೊತ್ತಾಗುತ್ತೆ ಎಂದುಕೊಂಡಳು.

ರಜೆಯ ದಿನ ಬಂದಾಗ ಫೋನಿನಲ್ಲಿ, "ನನಗೆ ಇವತ್ತು ಆಗಲ್ಲ ಅಕ್ಕ" ಎಂದಳು.

"ಬರದಿದ್ರೆ ಬಿಡು. ನಿನ್ನನ್ನ ನಂಬಿಕೊಂಡು ಒಲೆ ಹಚ್ಚೋಳಲ್ಲ ನಾನು."

ಚಿಕ್ಕವಳಿಗೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಹೋಗಿ ನೋಡಿ ಬರೋಣ ಎಂದು ಚಪ್ಪಲಿ ಮೆಟ್ಟಿ, ನಾನ್ಯಾಕೆ ಹೋಗಲಿ ಎಂದು ತೆಗೆದಿಟ್ಟಳು. ತಡೆಯಲಾಗದೆ ಹೊರಟಾಗ ಬಿಸಿಲು ಇಳಿದಿತ್ತು. ಅಕ್ಕನ ಮನೆಯ ಮೆಟ್ಟಿಲ ಮೇಲೆ ಭಾವ ಗೋಡೆಗೆ ಒರಗಿ ಕೂತಿದ್ದರು.

"ಕಾಲು ನನ್ನದಲ್ಲ ಅನ್ನಿಸ್ತಿದೆ," ಎಂದರು, ತಮಾಷೆಗೆ ಹೇಳಿದ ಹಾಗೆ. "ಯಾರದೋ ಎರವಲು ತಂದ ಹಾಗಿದೆ."

ಆಸ್ಪತ್ರೆಯಲ್ಲಿ ಡಾಕ್ಟರು ಏನು ತಿಂದರು ಎಂದು ಕೇಳಿದಾಗ ಅಕ್ಕ, "ಮನೆ ಊಟ. ನಾನೂ ತಿಂದಿದ್ದೀನಿ" ಎಂದಳು. ಅದು ಸುಳ್ಳೆಂದು ಚಿಕ್ಕವಳಿಗೆ ಗೊತ್ತಿತ್ತು. ಮೂಗು ಹೋದಂದಿನಿಂದ ಅಕ್ಕನಿಗೆ ಊಟವೆಲ್ಲ ಮಣ್ಣು. ಹಾಲು ಬ್ರೆಡ್ಡಿನಲ್ಲಿ ದಿನ ನೂಕುತ್ತಿದ್ದಳು. ಮಗಳು ಗೆಳತಿಯ ಮನೆಗೆ ಹೋದವಳು ಇನ್ನೂ ಬಂದಿರಲಿಲ್ಲ. ಸೊಪ್ಪು ತಿಂದವರು ಭಾವ ಒಬ್ಬರೇ. ಚಿಕ್ಕವಳು ಆಟೊ ಹಿಡಿದು ಅಕ್ಕನ ಮನೆಗೆ ಹೋಗಿ, ಕಸದ ಬುಟ್ಟಿ ಕೆದಕಿ, ನೇರಳೆ ಮಚ್ಚೆಯ ದಂಟುಗಳನ್ನು ಹಿಡಿದುಕೊಂಡು ಬಂದಳು. ಡಾಕ್ಟರು ನೋಡಿದರು, ಓಡಾಡಿದರು, ಉಸಿರಾಟದ ಯಂತ್ರ ತರಿಸಲು ಹೇಳಿದರು. ತಡವಾಗಿತ್ತು.

ಮೈ ಮರಗಟ್ಟುತ್ತಾ ಬಂದರೂ ಭಾವನ ಬುದ್ಧಿ ತಿಳಿಯಾಗಿತ್ತು. ಅಕ್ಕ ಹೊರಗೆ ಹೋದ ಸಮಯ ನೋಡಿ ಚಿಕ್ಕವಳನ್ನು ಹತ್ತಿರ ಕರೆದರು. ಮಾತು ತೊದಲುತ್ತಿತ್ತು.

"ಅವಳಿಗೆ ಮೂಗಿಲ್ಲ ಅಂತ ನನಗೂ ಗೊತ್ತು. ಚೀಲ ನೀನು ಸೋಸ್ತೀಯ ಅನ್ನೋದೂ ಗೊತ್ತು. ಇವತ್ತು ವಾಸನೆ ಯಾಕೋ ಬೇರೆ ಇತ್ತು. ಚಿಕ್ಕವಳು ಬಂದಿದ್ಲಾ ಅಂತ ಕೇಳ್ದೆ. ಹೂಂ ಅಂದ್ಲು. ಅದಕ್ಕೇ ತಿಂದೆ."

ಮಾರನೆಯ ಮಧ್ಯಾಹ್ನ ಅವರು ಹೋದರು.

ಮಣ್ಣು ಮಾಡಿ ಬಂದ ಮೇಲೆ ನೆಂಟರು ಪಡಸಾಲೆಯಲ್ಲಿ ಕೂತಿದ್ದರು. ಹೇಗಾಯಿತು ಎಂದು ಯಾರೋ ಕೇಳಿದರು. ಅಕ್ಕ ಸೆರಗಿನಲ್ಲಿ ಮುಖ ಒರೆಸಿಕೊಂಡು ಮೆಲ್ಲಗೆ, "ತಂಗಿ ತಂದ ಸೊಪ್ಪು" ಎಂದಳು. ಅಷ್ಟು ಸಾಕಾಯಿತು. ಬೀಗಿತ್ತಿ ಹೌದೆಂಬಂತೆ ತಲೆಯಾಡಿಸಿದಳು. ಊಟದ ದಿನದ ಮಾತು ಅವಳಿಗೆ ನೆನಪಿತ್ತು.

"ನಾನು ಅವತ್ತು ಹೋಗೇ ಇರಲಿಲ್ಲ," ಎಂದಳು ಚಿಕ್ಕವಳು. "ಅಕ್ಕನಿಗೆ ಒಂದು ವರ್ಷದಿಂದ ವಾಸನೆ ಹತ್ತಲ್ಲ. ಬೇಕಾದ್ರೆ ಪರೀಕ್ಷೆ ಮಾಡಿ ನೋಡಿ."

ಗಂಡನನ್ನು ಕಳೆದುಕೊಂಡು ಕೂತವಳ ಮೂಗಿನ ಪರೀಕ್ಷೆ. ಹೇಳಿದ ಮೇಲೆ ಅದು ಚಿಕ್ಕವಳ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಅಕ್ಕನ ಮಗಳು ಎದ್ದು ಬಂದು, "ಚಿಕ್ಕಮ್ಮ, ನೀವು ಹೊರಡಿ. ಇನ್ನು ಈ ಕಡೆ ಬರಬೇಡಿ" ಎಂದಳು.

ಕೆಲವು ವಾರಗಳಾದ ಮೇಲೆ ಅಕ್ಕ ಲಾಂಡ್ರಿಯ ಹಿಂಬಾಗಿಲಿಗೆ ಬಂದು ನಿಂತಳು. ಒಳಗೆ ಯಂತ್ರಗಳು ತಿರುಗುತ್ತಿದ್ದವು.

"ನೀನು ತೆಗೆದು ಎಸೀತಿದ್ದದ್ದು ನನಗೆ ಗೊತ್ತಿರಲಿಲ್ಲ ಅಂದ್ಕೊಂಡಿದ್ದೀಯಾ?" ಎಂದಳು.

"ಗೊತ್ತಿದ್ದೂ ಅವತ್ತು ಒಬ್ಬಳೇ ಯಾಕೆ ಹೋದೆ?"

"ಸಿಟ್ಟು ಬಂತು. ನೀನಿಲ್ಲದೆ ನನ್ನ ಕೈಲಿ ಆಗಲ್ವಾ ಅಂತ."

"ಭಾವ ಕೇಳಿದ್ರಂತೆ, ನಾನು ಬಂದಿದ್ನಾ ಅಂತ. ನೀನು ಹೂಂ ಅಂದೆಯಂತೆ."

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಳಬಹುದು ಎಂದು ಚಿಕ್ಕವಳು ಕಾದಳು. ಅತ್ತಿದ್ದರೆ ತಬ್ಬಿಕೊಳ್ಳುತ್ತಿದ್ದಳೋ ಏನೋ.

"ಅದನ್ನ ಮಗಳಿಗೆ ಹೇಳಬೇಡ," ಎಂದಳು ಅಕ್ಕ. "ಮದುವೆ ಒಂದು ಆಗಲಿ. ಕೆಲಸ ಒಂದು ಉಳೀಲಿ. ಆಮೇಲೆ ನಾನೇ ಎಲ್ಲರಿಗೂ ಹೇಳ್ತೀನಿ."

ಚಿಕ್ಕವಳು ಕೈಲಿದ್ದ ಮೇಜುಬಟ್ಟೆಯನ್ನು ಬೆಳಕಿಗೆ ಹಿಡಿದಳು. ಜನ ಹೊರಿಸಿದ ತಪ್ಪು ಅವಳದಾಗಿರಲಿಲ್ಲ. ಆದರೆ ಒಬ್ಬಳೇ ಹೋಗಲಿ, ಗೊತ್ತಾಗುತ್ತೆ ಎಂದುಕೊಂಡದ್ದು ಅವಳೇ. ಅದನ್ನು ಯಾರೂ ಕೇಳಿರಲಿಲ್ಲ.

ಮದುವೆ ಆಯಿತು. ಅವಳಿಗೆ ಕರೆ ಬರಲಿಲ್ಲ. ಅಕ್ಕ ಯಾರಿಗೂ ಏನೂ ಹೇಳಲಿಲ್ಲ. ಮದುವೆಯ ದಿನ ಬೆಳಿಗ್ಗೆ ಲಾಂಡ್ರಿಯ ಮ್ಯಾನೇಜರ್, "ಏನಮ್ಮ, ಅಕ್ಕನ ಮಗಳ ಮದುವೆ ಅಂತೆ, ರಜಾ ಹಾಕಲಿಲ್ವಾ?" ಎಂದು ಕೇಳಿದ.

"ಇಲ್ಲ ಸಾರ್, ಕೆಲಸ ತುಂಬಾ ಇದೆ," ಎಂದು ಚಿಕ್ಕವಳು ಮುಂದಿನ ಗಂಟು ಬಿಚ್ಚಿದಳು.