ಕಾಶಿಯಲ್ಲಿ ಬಿಟ್ಟ ಹಣ್ಣು

ಹಿಂದಿನ ಕೋಣೆಯೊಳಗೆ ಮತ್ತೆ ಕರಕರ ಸದ್ದಾಯಿತು. ಹನ್ನೆರಡು ವರ್ಷದ ಮಣಿ ಉಸಿರು ಬಿಗಿಹಿಡಿದು ಬಾಗಿಲಿಗೆ ಕಿವಿಯಿಟ್ಟಿತು. ಹೊರಗೆ ಮಂಜು ಹನುಮಾನ್ ಘಾಟಿನ ಗಲ್ಲಿಯನ್ನೇ ನುಂಗಿಬಿಟ್ಟಿತ್ತು; ಮಧ್ಯಾಹ್ನವೋ ಸಂಜೆಯೋ ತಿಳಿಯುವಂತಿರಲಿಲ್ಲ.

ಕಾಶಿಯಲ್ಲೇ ಸಾಯಬೇಕೆಂದು ಬಂದ ಎಷ್ಟೋ ಮುದುಕರು ಕೊನೆಯುಸಿರೆಳೆದ ಕೋಣೆ ಅದು. ಮನೆಗೆ ಬರುವ ಯಾತ್ರಿಕರ ಊಟ-ವಸತಿ ನೋಡಿಕೊಳ್ಳುವ ಬಾಲಚಂದ್ರ ಕಾಕಾ ಹಾಡುಹಗಲಲ್ಲೂ ಅತ್ತ ಕಾಲಿಡುವವನಲ್ಲ. "ಇಲ್ಲಿ ಬಂದು ಇಷ್ಟದ ಹಣ್ಣು ಬಿಟ್ಟವರು, ಆಸೆ ಇಟಗೊಂಡು ಸತ್ತರ ತಿರುಗಿ ಬರ್ತಾರ ನೋಡು," ಎಂದು ಮಕ್ಕಳನ್ನು ಹೆದರಿಸುತ್ತಿದ್ದ. ಬುಟ್ಟಿಯಲ್ಲಿಟ್ಟ ಪೇರಲ ಹಣ್ಣು ದಿನಾ ಮಾಯವಾಗತೊಡಗಿದ ಮೇಲಂತೂ ಕೇಳುವುದೇ ಬೇಡ.

ಮಣಿಗೆ ಗುಮಾನಿ ದೆವ್ವದ ಮೇಲಲ್ಲ, ಪ್ರಿಯಂವದಾಳ ಮೇಲೆ. ಧಾರವಾಡದಿಂದ ರಜೆಗೆ ಬಂದ ಸೋದರತ್ತೆಯ ಮಗಳು, ಮಹಾ ಹೊಟ್ಟೆಬಾಕಿ. ಸಾಲದ್ದಕ್ಕೆ ಅಜ್ಜಿಯ ಮಗ್ಗುಲಿನ ಹಾಸಿಗೆಯನ್ನೂ ಕಸಿದುಕೊಂಡಿದ್ದಳು. ನಿನ್ನೆ ಅಜ್ಜಿ ಅವಳನ್ನು "ಕೂಸೇ" ಎಂದು ಕರೆದಾಗ ಮಣಿ ಊಟ ಬಿಟ್ಟು ಎದ್ದಿತ್ತು. ಆ ಹೆಸರು ಮಣಿಯದು! ಹೋದ ವರ್ಷ "ನಾ ಹುಡುಗನೂ ಅಲ್ಲ, ಹುಡುಗಿನೂ ಅಲ್ಲ" ಎಂದು ಮಣಿ ಹೇಳಿ, ಮನೆಯಲ್ಲಿ ರಂಪ ಎದ್ದಾಗ, ಅಜ್ಜಿ ಅನಂತಲಕ್ಷ್ಮಿಯೊಬ್ಬಳೇ ಎಲ್ಲರ ಬಾಯಿ ಮುಚ್ಚಿಸಿದ್ದಳು. "ಕಾಶಿಯೊಳಗ ಎಲ್ಲಾರೂ ಒಂದೊಂದು ಬಿಡತಾರ. ನಮ್ಮ ಕೂಸು ಗಂಡು-ಹೆಣ್ಣು ಅನ್ನೋದನ್ನ ಬಿಟ್ಟದ. ನಿಮ್ಮ ಗಂಟೇನು ಹೋತು?"

ಇವತ್ತು ಕಳ್ಳಿಯನ್ನು ಹಿಡಿದುಕೊಟ್ಟು ಊರಿಗೆ ಓಡಿಸಿಯೇ ಬಿಡಬೇಕು. ಮಣಿ ಬಾಗಿಲು ದೂಡಿತು.

ಪ್ರಿಯಂವದಾ ಒಳಗೇ ಇದ್ದಳು. ಅವಳ ಪಕ್ಕದಲ್ಲಿ ಅಜ್ಜಿ! ಮಡಿಲಲ್ಲಿ ಪೇರಲ, ಗದ್ದದ ಮೇಲೊಂದು ಬೀಜ. ಅಜ್ಜ ತೀರಿಕೊಂಡಾಗ ಗಂಗೆಯಲ್ಲಿ ಮುಳುಗು ಹಾಕಿ, ಆ ಹಣ್ಣನ್ನೇ ಬಿಟ್ಟೆನೆಂದು ಯಾತ್ರಿಕರಿಗೆಲ್ಲ ಹೇಳುತ್ತಿದ್ದ ಅಜ್ಜಿ.

"ಹಗೂರ, ಮಣಿ!" ಪ್ರಿಯಂವದಾ ಬಾಯಿಗೆ ಬೆರಳಿಟ್ಟಳು.

ಹಣ್ಣಿನ ಮನೆ ಹಾಳಾಗಲಿ, ಗುಟ್ಟು ಇವಳಿಗೆ ಸಿಕ್ಕಿತಲ್ಲ! ಮಣಿಗೆ ಅಳುವೇ ಬಂತು. "ಇಕೀಗೆ ಹೇಳಿದಿ, ನನಗ ಹೇಳಲಿಲ್ಲ. ತಡಿ, ಎಲ್ಲಾರಿಗೂ ತೋರಸ್ತೀನಿ. ಕಾಕಾ! ಓ ಕಾಕಾ!"

ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿನ್ನ ಮುಂದ ಹೆಂಗ ತಿನ್ನಲಿ? ಅಷ್ಟು ಮಂದಿ ನಕ್ಕರೂ ನೀ ಬಿಟ್ಟಿದ್ದು ಬಿಟ್ಟೇಬಿಟ್ಟಿ. ನನಗ ಒಂದು ಹಣ್ಣು ಬಿಡಲಿಕ್ಕೆ ಆಗಲಿಲ್ಲ. ನಾಚಿಕಿ ಬಂತು, ಕೂಸೇ."

ಮಣಿ ಮೆಲ್ಲಗೆ ಹೇಳಿತು, "ನಾ ಏನೂ ಬಿಟ್ಟಿಲ್ಲ, ಅಜ್ಜಿ. ನನ್ನ ಹತ್ರ ಅದು ಇರಲೇ ಇಲ್ಲ."

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು. "ಮಣಿ, ಎಲ್ಲಿದ್ದೀ?" ಕಾಕಾನ ದನಿ ಬಾಗಿಲ ಹತ್ತಿರ ಬಂದು ನಿಂತಿತು. "ಅಂದರ್ ಕೌನ್ ಹೈ? ಒಳಗ ಯಾರು?"

ಅಜ್ಜಿ ಹಣ್ಣನ್ನು ಸೆರಗಿನಡಿ ಮುಚ್ಚಿಕೊಂಡಳು. ಮಣಿ ಥಟ್ಟನೆ ಚಿಲಕ ಹಾಕಿ, ಒಳಗಿನಿಂದ ಬಾಗಿಲನ್ನು ಢಬಢಬ ಬಡಿದು, ಗಂಟಲನ್ನು ಗೊಗ್ಗರು ಮಾಡಿಕೊಂಡು ನರಳಿತು. "ಪೇರಲಾ... ನನ್ನ ಪೇರಲಾ..."

"ಅಯ್ಯಯ್ಯೋ, ಶಿವಶಿವಾ!" ಚಪ್ಪಲಿಯೊಂದನ್ನು ಅಲ್ಲೇ ಬಿಟ್ಟು ಕಾಕಾ ಓಡಿದ.

ಅಜ್ಜಿ ಬಾಯಿಗೆ ಸೆರಗಿಟ್ಟು ನಕ್ಕಳು, ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಉಳಿದಿದ್ದ ಹಣ್ಣನ್ನು ಮುರಿದು ಇಬ್ಬರಿಗೂ ಕೊಟ್ಟಳು. ದೊಡ್ಡ ಹೋಳು ಪ್ರಿಯಂವದಾಳ ಕೈಗೆ ಹೋಯಿತು. ಮಣಿ ಅದನ್ನು ಓರೆಗಣ್ಣಿನಲ್ಲಿ ನೋಡಿ, ತನ್ನ ಹೋಳನ್ನು ಅಜ್ಜಿಯ ಬಾಯಿಗಿಟ್ಟಿತು.